ಬೆಳಕಿನ ಅಳತೆ

ಹೋದ ಆಗಸ್ಟ್ 15ರ ಸಂಜೆ ನಮ್ಮೂರ ಕನ್ನಡ ಶಾಲೆಯ ಮೇಡಂ ಒಬ್ಬರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಫೋನ್ ತೆಗೆದು ಬೆಳಗಿನ ಫೋಟೋ ತೋರಿಸಿದರು. ಬಾವುಟ ಬಲು ಚೆಂದ ಬಂದಿತ್ತು. ಆಕಾಶ, ಮೋಡ, ದೂರದ ಗುಡ್ಡ ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ಆದರೆ ಬಾವುಟದ ಕೆಳಗೆ ಸಾಲಾಗಿ ನಿಂತ ಮಕ್ಕಳಲ್ಲಿ ಒಂದು ಮುಖವೂ ಗುರುತು ಹತ್ತುತ್ತಿರಲಿಲ್ಲ. ಎಲ್ಲ ಇದ್ದಿಲು ಬಳಿದ ಹಾಗೆ.

“ಫೋನಿಗೆ ಏನಾಗೈತಿ ನೋಡ್ರಿ ಅಣ್ಣಾರೆ. ಹೊಸದು, ಹೋದ ತಿಂಗಳು ತಗೊಂಡೀನಿ” ಅಂದರು.

“ಫೋನಿಗೆ ಏನೂ ಆಗಿಲ್ಲ ಮೇಡಂ. ಅದು ಆಕಾಶ ನೋಡಿ ಲೆಕ್ಕ ಹಾಕೈತಿ, ಮಕ್ಕಳನ್ನ ನೋಡಿಲ್ಲ” ಅಂದೆ.

ಅವರು ನಕ್ಕರು. ನನಗೆ ನಗು ಬರಲಿಲ್ಲ. ಇದೇ ತಪ್ಪನ್ನು 1989ರಲ್ಲಿ ನಾನೇ ಮಾಡಿದ್ದೆ. ಫೋನಿಗಾದರೆ ಬುದ್ಧಿ ಇಲ್ಲ ಅನ್ನಬಹುದು. ನನಗೆ ಬುದ್ಧಿ ಇತ್ತು, ಲೆಕ್ಕವೂ ಗೊತ್ತಿತ್ತು, ಆದರೂ ಮಾಡಿದೆ. ಅದನ್ನು ಇಲ್ಲಿ ಬರೆಯುತ್ತೇನೆ. ಫೋಟೋದವರು ‘ಎಕ್ಸ್‌ಪೋಜರ್’ ಅಂತ ಒಂದು ಮಾತು ಆಡುತ್ತಾರಲ್ಲ, ಅದು ಏನು ಅಂತ ಓದುವವರಿಗೂ ತಿಳಿಯಲಿ.

ನಾನು ಕೆಲಸ ಕಲಿತದ್ದು ಆದವಾನಿಯ ಒಂದು ಸ್ಟುಡಿಯೋದಲ್ಲಿ. ರೈಲ್ವೆ ಸ್ಟೇಷನ್ ಬೋರ್ಡಿನ ಮೇಲೆ ಆದೋನಿ ಅಂತ ಇದೆ, ನಮ್ಮ ಹಿರಿಯರ ಬಾಯಲ್ಲಿ ಅದು ಆದವಾನಿಯೇ. 1984ರಲ್ಲಿ ಹತ್ತನೇ ತರಗತಿ ದಾಟಲಾರದೆ ಮನೆಯಲ್ಲಿ ಕೂತಿದ್ದೆ. ಸ್ಟುಡಿಯೋದ ಯಜಮಾನರು ನಮ್ಮ ಅಪ್ಪನಿಗೆ ಪರಿಚಯ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಮೊದಲ ಆರು ತಿಂಗಳು ಕಸ ಹೊಡೆಯೋದು, ಹೈಪೋ ಕಲಸೋದು, ತೊಳೆದ ಫೋಟೋಗಳನ್ನು ಹಗ್ಗಕ್ಕೆ ಹಾಕೋದು. ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಬಂದವರಿಗೆ ಬಾಚಣಿಗೆ, ಪೌಡರ್ ಡಬ್ಬಿ ಕೊಡುವುದು ನನ್ನ ಕೆಲಸ.

ಆಮೇಲೆ ಒಂದು ದಿನ ಹತ್ತಿ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ಆದವಾನಿ ಹತ್ತಿ ಮಾರ್ಕೆಟ್ಟು ಎಂಥದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೀಸನ್ನಿನಲ್ಲಿ ಕೋಸಿಗಿ, ಕೌತಾಳಂ, ಹೊಳಗುಂದಿ, ಆಲೂರು ಕಡೆಯಿಂದ ಬಂಡಿ, ಟ್ರಾಕ್ಟರು, ಲಾರಿ ಸಾಲುಗಟ್ಟಿ ನಿಂತಿರುತ್ತವೆ. ಬಯಲಲ್ಲಿ ಹತ್ತಿ ರಾಶಿ, ಮೇಲೆ ಸುಡುವ ಬಿಸಿಲು. ಆ ಬಿಳುಪನ್ನು ನೋಡಿದರೆ ಕಣ್ಣು ಕುಕ್ಕುತ್ತದೆ. ಒಂದು ರಾಶಿಯ ಪಕ್ಕದಲ್ಲೇ ಬಂಡಿಗೆ ಕಟ್ಟಿದ ಎಮ್ಮೆಕೋಣ ನಿಂತಿತ್ತು. ಉಸ್ತಾದ್ ಕೇಳಿದರು:

“ಹತ್ತಿ ಬಿಳೀದು, ಕೋಣ ಕರೀದು. ಎರಡಕ್ಕೂ ಬೀಳೋ ಬಿಸಿಲು ಒಂದಾ, ಬೇರೇನಾ?”

“ಒಂದೇ” ಅಂದೆ.

“ಹಂಗಾರೆ ಈಗ ಅಳದು ನೋಡು” ಅಂತ ಕುತ್ತಿಗೆಗೆ ಹಾಕಿಕೊಂಡಿದ್ದ ಲೈಟ್ ಮೀಟರನ್ನು ಕೊಟ್ಟರು.

ಹತ್ತಿಯ ಕಡೆ ಹಿಡಿದರೆ ಮುಳ್ಳು ಸರ್ರನೆ ಮೇಲಕ್ಕೆ ಹೋಯಿತು. ಬೆಳಕು ಬಹಳ ಐತಿ, ಕಿಂಡಿ ಸಣ್ಣದು ಮಾಡು ಅಂತ ಅದರ ಅರ್ಥ. ಕೋಣದ ಕಡೆ ಹಿಡಿದರೆ ಮುಳ್ಳು ಕೆಳಗೆ ಬಿತ್ತು. ಬೆಳಕು ಸಾಲದು, ಕಿಂಡಿ ದೊಡ್ಡದು ಮಾಡು. ಅದು ಹೇಳಿದ ಹಾಗೆ ಎರಡು ಫೋಟೋ ತೆಗೆಸಿದರು. ತೊಳೆದು ನೋಡಿದರೆ ಹತ್ತಿಯೂ ಬೂದಿ ಬಣ್ಣ, ಕೋಣವೂ ಬೂದಿ ಬಣ್ಣ! ನನಗೆ ಏನೂ ತಿಳಿಯಲಿಲ್ಲ.

ಆಗ ಹೇಳಿದರು. ಮೀಟರಿಗೆ ಹತ್ತಿ, ಕೋಣ ಅಂತ ಗೊತ್ತಿಲ್ಲ. ಜಗತ್ತಿನಲ್ಲಿ ಇರೋದೆಲ್ಲ ನಡುವಿನ ಬೂದು ಬಣ್ಣ ಅಂತ ತಿಳಿದುಕೊಂಡೇ ಅದನ್ನು ಮಾಡಿದ್ದಾರೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ವಾಪಸ್ ಕಳಿಸುವ ಬೂದು, ಅದೇ ಅದರ ಮಾಪು. ಬಿಳಿಯದನ್ನು ತೋರಿಸಿದರೆ ‘ಹೆಚ್ಚಾಯ್ತು’ ಅಂತ ಇಳಿಸುತ್ತದೆ, ಕರಿಯದನ್ನು ತೋರಿಸಿದರೆ ‘ಕಡಿಮೆ ಆಯ್ತು’ ಅಂತ ಏರಿಸುತ್ತದೆ. “ನೀನು ಅಳೀಬೇಕಾದ್ದು ಬೀಳೋ ಬೆಳಕನ್ನ, ವಾಪಸ್ ಬರೋ ಬೆಳಕನ್ನ ಅಲ್ಲ. ವಾಪಸ್ ಬರೋದು ಆ ವಸ್ತುವಿನ ಬಣ್ಣದ ಮ್ಯಾಲೆ ಹೋಗ್ತೈತಿ. ಬೀಳೋದು ಎಲ್ಲರಿಗೂ ಒಂದೇ” ಅಂದರು. ಮೀಟರಿಗೆ ಹತ್ತಿ, ಕೋಣ ತೋರಿಸೋ ಬದಲು ಅದೇ ಬಿಸಿಲಲ್ಲಿ ನಿನ್ನ ಅಂಗೈ ತೋರಿಸು, ಬಂದ ಲೆಕ್ಕಕ್ಕಿಂತ ಒಂದು ಮನೆ ಹೆಚ್ಚು ಬೆಳಕು ಬಿಡು, ಯಾಕಂದ್ರೆ ಅಂಗೈ ಆ ಬೂದಿಗಿಂತ ತುಸು ಬೆಳ್ಳಗಿರ್ತೈತಿ ಅಂತ ಕಲಿಸಿದರು. ಮೈ ಬಣ್ಣ ಯಾವುದಿದ್ದರೂ ಅಂಗೈ ಹೆಚ್ಚುಕಡಿಮೆ ಒಂದೇ ಬಣ್ಣ. ನೋಡಿಕೊಳ್ಳಿರಿ.

ಇನ್ನು ಎಕ್ಸ್‌ಪೋಜರ್ ಅಂದರೆ ಏನು? ಫಿಲ್ಮಿನ ಮೇಲೆ ಎಷ್ಟು ಬೆಳಕು ಬಿತ್ತು ಅನ್ನುವುದೇ ಎಕ್ಸ್‌ಪೋಜರ್. ಅದಕ್ಕೆ ಮೂರು ಲೆಕ್ಕ. ನನಗೆ ಇದು ಅರ್ಥವಾದದ್ದು ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಸುಡುವುದನ್ನು ನೋಡಿ. ಒಲೆಯ ಉರಿ ಎಷ್ಟು ದೊಡ್ಡದು ಅನ್ನೋದು ಒಂದು. ಹಂಚಿನ ಮೇಲೆ ರೊಟ್ಟಿ ಎಷ್ಟು ಹೊತ್ತು ಇತ್ತು ಅನ್ನೋದು ಎರಡು. ರೊಟ್ಟಿ ತೆಳ್ಳಗೆ ತಟ್ಟಿದ್ದೋ ದಪ್ಪಗೆ ತಟ್ಟಿದ್ದೋ ಅನ್ನೋದು ಮೂರು. ಉರಿ ದೊಡ್ಡದಾದರೆ ಹೊತ್ತು ಕಡಿಮೆ ಸಾಕು. ಉರಿ ಸಣ್ಣದಾದರೆ ಹೊತ್ತು ಹೆಚ್ಚು ಬೇಕು. ಬೇಯೋದು ಅಷ್ಟೇ ಬೇಯುತ್ತದೆ.

ಕ್ಯಾಮೆರಾದಲ್ಲಿ ಉರಿ ಅಂದರೆ ಲೆನ್ಸಿನ ಕಿಂಡಿ. ಅದಕ್ಕೆ 2.8, 4, 5.6, 8, 11, 16, 22 ಅಂತ ಅಂಕಿ ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಇದು ಹೊಸಬರಿಗೆಲ್ಲ ಉಲ್ಟಾ ಕಾಣುತ್ತದೆ. ಮೇಷ್ಟ್ರುಗಳಿಗೆ ಹೇಳುವುದಾದರೆ ಇದು ಭಿನ್ನರಾಶಿ. ನಮ್ಮ ಯಾಶಿಕಾ ಕ್ಯಾಮೆರಾದ ಲೆನ್ಸು 80 ಮಿಲಿಮೀಟರಿನದು. ಎಫ್ 4 ಅಂದರೆ 80ನ್ನು 4ರಿಂದ ಭಾಗಿಸು, ಕಿಂಡಿಯ ಅಗಲ 20 ಮಿಲಿಮೀಟರ್. ಎಫ್ 16 ಅಂದರೆ 80ನ್ನು 16ರಿಂದ ಭಾಗಿಸು, ಬರೀ 5 ಮಿಲಿಮೀಟರ್. ಅಗಲ ನಾಲ್ಕರಲ್ಲಿ ಒಂದು ಪಾಲಾದರೆ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಒಂದೊಂದು ಮನೆ ದಾಟಿದರೆ ಬೆಳಕು ಅರ್ಧಕ್ಕರ್ಧ. 4ರಿಂದ 16ಕ್ಕೆ ನಾಲ್ಕು ಮನೆ. ಎರಡು, ನಾಲ್ಕು, ಎಂಟು, ಹದಿನಾರು. ಲೆಕ್ಕ ಸರಿಹೋಯಿತಲ್ಲ.

ಹೊತ್ತು ಅಂದರೆ ಶಟರ್. 1/60, 1/125, 1/250, 1/500 ಅಂತ ಸೆಕೆಂಡಿನ ಪಾಲುಗಳು. ಇಲ್ಲೂ ಒಂದೊಂದು ಮನೆಗೆ ಅರ್ಧಕ್ಕರ್ಧ. ರೊಟ್ಟಿಯ ದಪ್ಪ ಅಂದರೆ ಫಿಲ್ಮಿನ ಸ್ಪೀಡು. ಆಗ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಬರುತ್ತಿತ್ತು, ಪೂರ್ವ ಜರ್ಮನಿಯ ‘ಓರ್ವೋ’ ಬರುತ್ತಿತ್ತು. ಡಬ್ಬಿ ಮೇಲೆ 100, 400 ಅಂತ ಇರುತ್ತಿತ್ತು. 400ರದು 100ರದಕ್ಕಿಂತ ನಾಲ್ಕು ಪಟ್ಟು ಬೇಗ ‘ಬೇಯುತ್ತದೆ’.

ಮೀಟರ್ ಇಲ್ಲದವರಿಗೂ ಒಂದು ಹಳೆಯ ಸೂತ್ರ ಉಂಟು. ಸ್ವಚ್ಛ ಬಿಸಿಲಿದ್ದಾಗ ಕಿಂಡಿ 16ಕ್ಕೆ ಇಡು, ಶಟರ್ ಅನ್ನು ಫಿಲ್ಮಿನ ಅಂಕಿಗೆ ಹತ್ತಿರ ಇಡು. 100ರ ಫಿಲ್ಮಿಗೆ ಎಫ್ 16, 1/125. ಮೋಡ ಕವಿದರೆ 8. ಬಯಲಿನ ನೆರಳಾದರೆ 5.6. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಬಿಸಿಲೇ ಆದ್ದರಿಂದ ನಾನು ಮೀಟರನ್ನು ಮರೆತೇಬಿಟ್ಟೆ. ಆಕಾಶ ನೋಡೋದು, 16ಕ್ಕೆ ತಿರುಗಿಸೋದು, ಹೊಡೆಯೋದು. ನಾಲ್ಕು ವರ್ಷದಲ್ಲಿ ಕೈ ಕೂತಿತ್ತು. ಉರುಕುಂದಿ ಈರಣ್ಣ ಸ್ವಾಮಿಯ ಶ್ರಾವಣ ಸೋಮವಾರ, ಮಂತ್ರಾಲಯದ ಹೊಳೆ ದಂಡೆ, ಮದುವೆ, ಜವಳ, ಎಲ್ಲ ಕಡೆ ಉಸ್ತಾದ್ ನನ್ನೊಬ್ಬನನ್ನೇ ಕಳಿಸುತ್ತಿದ್ದರು. ನನಗೂ ತುಸು ಸೊಕ್ಕು ಬಂದಿತ್ತು ಅಂತ ಈಗ ಅನ್ನಿಸುತ್ತದೆ.

1989ರ ಫೆಬ್ರುವರಿ ಕೊನೆ. ಆಲೂರು ಕಡೆಯ ಒಂದು ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸುವ ಮಕ್ಕಳ ಗ್ರೂಪ್ ಫೋಟೋ. ಊರಿನ ಹೆಸರು ಬೇಡ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗ ಗಡಿ ಆಚೆ ಉಳಿದ ಕನ್ನಡ ಶಾಲೆಗಳಲ್ಲಿ ಅದೂ ಒಂದು. ಮಕ್ಕಳಲ್ಲಿ ಬಹಳ ಮಂದಿ ಕೂಲಿಕಾರರ ಮನೆಯವರು. ಏಳನೇ ತರಗತಿ ಮುಗಿದರೆ ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗೀತು. ಆ ಗ್ರೂಪ್ ಫೋಟೋ ಅಂದರೆ ಅವರಿಗೆ ಶಾಲೆಗೆ ಹೋಗಿದ್ದೆವು ಅನ್ನೋದಕ್ಕೆ ಇರುವ ಒಂದೇ ಸಾಕ್ಷಿ. ಬಹಳ ಮಂದಿಗೆ ಅದು ಹುಟ್ಟಿದ ಮೇಲೆ ಮೊದಲ ಫೋಟೋ. ಕಾಪಿಗೆ ಇಷ್ಟು ಅಂತ ಮುಂಚೆಯೇ ದುಡ್ಡು ಕೊಟ್ಟಿದ್ದರು.

ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಅಂಗಳದ ಹುಣಿಸೆ ಮರದ ನೆರಳಲ್ಲಿ ಎಲ್ಲ ಹೊಂದಿಸಿದೆ. ಮುಂದೆ ಕುರ್ಚಿ, ಹಿಂದೆ ಒಂದು ಸಾಲು ನಿಲ್ಲಲು, ಅದರ ಹಿಂದೆ ಬೆಂಚಿನ ಮೇಲೆ ಇನ್ನೊಂದು ಸಾಲು. ಎಲ್ಲರೂ ನೆರಳಲ್ಲೇ ಇದ್ದರು. ಆದರೆ ಊರಿನ ದೊಡ್ಡವರೊಬ್ಬರು ಬರಬೇಕು ಅಂದರು. ಕಾದೆವು. ಮಕ್ಕಳು ಬೆಂಚಿನ ಮೇಲೆ ನಿಂತೇ ಕಾದರು. ಆ ದೊಡ್ಡವರು ಬರುವಾಗ ಹನ್ನೊಂದು ದಾಟಿತ್ತು. ಬಂದವರೇ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ನಡುವಿನ ಕುರ್ಚಿಯಲ್ಲಿ ಕೂತರು. ಅಕ್ಕಪಕ್ಕ ಮೇಷ್ಟ್ರುಗಳು, ಅವರದೂ ಬಿಳಿ ಅಂಗಿ. ಇಷ್ಟು ಹೊತ್ತಿಗೆ ಹೊತ್ತು ಏರಿ ಮರದ ನೆರಳು ಹಿಂದಕ್ಕೆ ಸರಿದಿತ್ತು. ಕುರ್ಚಿಗಳು ಬಿಸಿಲಿಗೆ ಬಿದ್ದಿದ್ದವು. ಹಿಂದಿನ ಎರಡು ಸಾಲು ನೆರಳಲ್ಲೇ ಉಳಿದಿದ್ದವು.

ನನಗೆ ಕಾಣಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಂಡಿತು. ಕುರ್ಚಿಗಳನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಹಾಕಿಸಿ ಎಲ್ಲರನ್ನೂ ನೆರಳಿಗೆ ತಂದು, ಕಿಂಡಿ 5.6ಕ್ಕೆ ತೆರೆದು ಹೊಡೆಯಬೇಕು ಅಂತ ಮನಸ್ಸಿಗೆ ಬಂತು. ಆದರೆ ಕೂತ ದೊಡ್ಡವರನ್ನು ‘ಏಳ್ರಿ, ಹಿಂದಕ್ಕ ಸರೀರಿ’ ಅಂತ ಹೇಳುವುದು ಹೇಗೆ? ನನಗೆ ಆಗ ಇಪ್ಪತ್ತೊಂದು ವರ್ಷ. ಹೆಡ್ ಮೇಷ್ಟ್ರು ಬೇರೆ “ಬೇಗ ಬೇಗ, ಸಾಹೇಬರಿಗೆ ಕೆಲಸ ಐತಿ” ಅನ್ನುತ್ತಿದ್ದರು. ನಾಲಿಗೆ ಏಳಲಿಲ್ಲ. ಬಿಸಿಲು ನೋಡಿದೆ, 16ಕ್ಕೆ ತಿರುಗಿಸಿದೆ, 1/125, ಹೊಡೆದೆ. ಇನ್ನೊಂದು ಹೊಡೆದೆ. “ಥ್ಯಾಂಕ್ಸ್ ಸಾರ್” ಅಂದೆ. ಆಯಿತು.

ಲೆಕ್ಕ ನೋಡಿ. ಬಿಸಿಲಿಗೆ 16 ಸರಿ. ನೆರಳಿಗೆ 5.6 ಬೇಕಿತ್ತು. 16ರಿಂದ 11, 8, 5.6, ಮೂರು ಮನೆ. ಅಂದರೆ ಹಿಂದಿನ ಮಕ್ಕಳಿಗೆ ಬೇಕಾದ ಬೆಳಕಿನಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ನಾನು ಕೊಟ್ಟೆ. ಕುರ್ಚಿಯವರಿಗೆ ಪೂರಾ ಕೊಟ್ಟೆ.

ತೊಳೆದ ಫಿಲ್ಮನ್ನು ಉಸ್ತಾದ್ ಕಿಟಕಿಗೆ ಹಿಡಿದು ನೋಡಿ ಏನೂ ಅನ್ನಲಿಲ್ಲ. ಅಂದು ಅವರಿಗೆ ಮೈ ಸರಿ ಇರಲಿಲ್ಲ, ಪ್ರಿಂಟ್ ನಾನೇ ಹಾಕಿದೆ. ಕುರ್ಚಿಯವರು ಅಂಗಿಯ ಗುಂಡಿ ಎಣಿಸುವಷ್ಟು ಚೆಂದ ಬಂದಿದ್ದರು. ಹಿಂದೆ ಮಸಿ. ಶಾಲೆಗೆ ಕೊಟ್ಟು ಬಂದೆ. ಅಲ್ಲಿ ಯಾರೂ ತಕರಾರು ಮಾಡಲಿಲ್ಲ. ಹೆಡ್ ಮೇಷ್ಟ್ರು ತಮ್ಮ ಮುಖ ನೋಡಿಕೊಂಡು “ಭೇಷ್” ಅಂದರು.

ನಾಲ್ಕೈದು ದಿನ ಬಿಟ್ಟು ಒಬ್ಬ ಮನುಷ್ಯ ಮಗಳನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದ. ಕೂಲಿ ಮನುಷ್ಯ, ಹೆಗಲ ಮೇಲೆ ಟವಲು. ಅದರಲ್ಲಿ ಸುತ್ತಿದ ಫೋಟೋ ತೆಗೆದು ಟೇಬಲ್ ಮೇಲೆ ಇಟ್ಟ.

“ಇದರಾಗ ನಮ್ಮ ಹುಡುಗಿ ಎಲ್ಲಿ ಅದಾಳ ತೋರಸಪ್ಪ” ಅಂದ. ಜಗಳಕ್ಕೆ ಬಂದ ದನಿ ಅಲ್ಲ. ಅವನಿಗೆ ನಿಜವಾಗಿ ಗೊತ್ತಾಗಿರಲಿಲ್ಲ. ತನಗೆ ಫೋಟೋ ನೋಡೋಕೆ ಬರೋದಿಲ್ಲ ಅಂದುಕೊಂಡಿದ್ದ ಅಂತ ಕಾಣುತ್ತದೆ.

ನಾನು ಫೋಟೋ ತಿರುಗಿಸಿ, ಕಣ್ಣು ಹತ್ತಿರ ಇಟ್ಟು ಹುಡುಕಿದೆ. ಮೇಲಿನ ಸಾಲಿನಲ್ಲಿ ಎಲೆಗಳ ಸಂದಿಯಿಂದ ಒಂದು ಚೂರು ಬಿಸಿಲು ಬಿದ್ದು ಒಂದು ರಿಬ್ಬನ್ನು ಬೆಳ್ಳಗೆ ಕಾಣುತ್ತಿತ್ತು. ಎದುರಿಗೆ ನಿಂತ ಹುಡುಗಿ ಅದೇ ರಿಬ್ಬನ್ನು ಕಟ್ಟಿಕೊಂಡಿದ್ದಳು. “ಇಲ್ಲಿ ನೋಡಮ್ಮ, ಇದೇ ನೀನು” ಅಂತ ಬೆರಳು ಇಟ್ಟೆ.

ಆ ಹುಡುಗಿ ಬಗ್ಗಿ ನೋಡಿದಳು. ನೋಡಿ ಮೆಲ್ಲಗೆ, “ಅದು ರಿಬ್ಬನ್ನು. ನಾನೆಲ್ಲಿ?” ಅಂದಳು.

ಉಸ್ತಾದ್ ಒಳಗಿನಿಂದ ಎದ್ದು ಬಂದರು. ಫೋಟೋ ನೋಡಿದರು, ನನ್ನನ್ನು ನೋಡಲಿಲ್ಲ. “ಎರಡು ದಿನ ಬಿಟ್ಟು ಬಾ ಯಪ್ಪಾ. ಬೇರೆ ಮಾಡಿಸಿ ಕೊಡ್ತೀನಿ” ಅಂತ ಆ ಮನುಷ್ಯನಿಗೆ ಚಹ ಕುಡಿಸಿ ಕಳಿಸಿದರು.

ಆ ರಾತ್ರಿ ಡಾರ್ಕ್ ರೂಮಿನಲ್ಲಿ ಇಬ್ಬರೂ ಕೂತೆವು. ನೆಗೆಟಿವ್ ಅನ್ನೋದು ಉಲ್ಟಾ ಲೆಕ್ಕ. ಬೆಳಕು ಬಿದ್ದಲ್ಲಿ ಬೆಳ್ಳಿ ಕಪ್ಪಾಗಿ ಕೂರುತ್ತದೆ. ಬೀಳದಲ್ಲಿ ಫಿಲ್ಮು ಬರಿ ಗಾಜಿನ ಹಾಗೆ ತಿಳಿಯಾಗಿ ಉಳಿಯುತ್ತದೆ. ಕುರ್ಚಿಯವರ ಜಾಗ ಒಳ್ಳೆ ಗಟ್ಟಿಯಾಗಿತ್ತು. ಮಕ್ಕಳ ಜಾಗ ತಿಳಿನೀರು. ಹಾರ್ಡ್ ಪೇಪರ್ ಹಾಕಿ ನೋಡಿದೆವು. ಪ್ರಿಂಟ್ ಹಾಕುವಾಗ ಆ ಜಾಗಕ್ಕೆ ಕೈ ಅಡ್ಡ ಹಿಡಿದು ನೋಡಿದೆವು. ಮಸಿ ಹೋಗಿ ಬೂದಿ ಆಯಿತು, ಮುಖ ಮಾತ್ರ ಬರಲಿಲ್ಲ. ಪೆನ್ಸಿಲ್ ಹಿಡಿದು ನೆಗೆಟಿವ್ ತಿದ್ದುವುದರಲ್ಲಿ ಉಸ್ತಾದ್ ಕೈ ದೊಡ್ಡದು. ಆದರೆ ಆ ಮುಖಗಳು ಜೋಳದ ಕಾಳಿಗಿಂತ ಸಣ್ಣವು.

ಕೊನೆಗೆ ದೀಪ ಹಾಕಿ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿ ಇದೆ.

“ಹೆಚ್ಚು ಬೆಳಕು ಬಿದ್ದಿದ್ರೆ ಏನಾರ ಮಾಡಬಹುದಿತ್ತು. ನೆಗೆಟಿವ್ ದಪ್ಪ ಆಗ್ತಿತ್ತು, ಹೊತ್ತು ಹೆಚ್ಚು ಕೊಟ್ಟು ಪ್ರಿಂಟ್ ತೆಗೀತಿದ್ದೆ. ಬೀಳದೇ ಇರೋ ಬೆಳಕನ್ನ ಎಲ್ಲಿಂದ ತರಲಿ? ಅರ್ಧ ಬೆಂದ ರೊಟ್ಟಿ ಆದ್ರೆ ತಿರುಗಿ ಹಂಚಿಗೆ ಹಾಕಬಹುದು. ಇದನ್ನ ಹಾಕಾಕ ಬರಂಗಿಲ್ಲ. ಅದಕ್ಕೇ ಅಳತಿ ಯಾವಾಗಲೂ ನೆರಳಿನಾಗ ಇರೋರಿಗೆ ಹಿಡೀಬೇಕು. ಬಿಸಿಲಾಗ ಕುಂತೋರು ಹೆಂಗೋ ಬರ್ತಾರ.”

ಫಿಲ್ಮಿನ ಕಾಲದ ಫೋಟೋಗ್ರಾಫರುಗಳಿಗೆಲ್ಲ ಇದು ಗೊತ್ತಿದ್ದ ಸೂತ್ರವೇ. ಎಕ್ಸ್‌ಪೋಜರ್ ನೆರಳಿಗೆ ಕೊಡು, ಬಿಸಿಲಿನ ಭಾಗವನ್ನು ತೊಳೆಯುವಾಗ ಸಂಭಾಳಿಸು. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ರಾತ್ರಿ.

ಎರಡು ದಿನವಾದರೂ ಆ ಮನುಷ್ಯ ಬರಲಿಲ್ಲ. ಉಸ್ತಾದ್ ತಮ್ಮ ಖರ್ಚಿನಲ್ಲಿ ಹೊಸ ರೋಲ್ ಕೊಟ್ಟು “ಊರಿಗೇ ಹೋಗಿ ಆ ಮಕ್ಕಳನ್ನೆಲ್ಲ ತಿರುಗಿ ತೆಕ್ಕೊಂಡು ಬಾ” ಅಂತ ಕಳಿಸಿದರು. ಬೇರೆ ಕೆಲಸ ಅಡ್ಡ ಬಂದು ನಾನು ಹೋದದ್ದು ಮೂರು ವಾರ ಬಿಟ್ಟು. ಅದೂ ನನ್ನದೇ ತಪ್ಪು. ಸಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನೇ ಮನೆ ಕಟ್ಟೆಯ ನೆರಳಲ್ಲಿ ನಿಲ್ಲಿಸಿ ತೆಗೆದೆ. ಯಾಶಿಕಾದ ಒಂದು ರೋಲಿಗೆ ಹನ್ನೆರಡು ಫೋಟೋ. ಹನ್ನೆರಡೂ ಮುಗಿಸುವಷ್ಟು ಮಕ್ಕಳು ಸಿಗಲಿಲ್ಲ. ರಿಬ್ಬನ್ನಿನ ಹುಡುಗಿಯ ಮನೆಗೆ ಬೀಗ. ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ ಗುಳೆ ಹೋದರು, ಇನ್ನು ಮಳೆ ಬಿದ್ದ ಮೇಲೆ ಬರೋದು ಅಂದರು ಪಕ್ಕದ ಮನೆಯವರು. ಮಳೆ ಬಿದ್ದ ಮೇಲೆ ಒಮ್ಮೆ ಕೇಳಿಸಿದೆ. ಆಕೆಯ ಮದುವೆ ಆಗಿ ಬೇರೆ ಊರಿಗೆ ಹೋದಳು ಅಂತ ಗೊತ್ತಾಯಿತು. ಆ ಮೇಲೆ ನಾನು ಆಕೆಯನ್ನು ನೋಡಿಲ್ಲ.

ಬೆಳಕು ಬೀಳದಿದ್ದರೆ ಮನುಷ್ಯ ಇದ್ದೂ ಇಲ್ಲದ ಹಾಗೆ ಅನ್ನುವುದನ್ನು ಆಮೇಲೆ ಬೇರೆ ಕಡೆಯೂ ನೋಡಿದೆ. ಹಂಪಿಯ ಅತಿ ಹಳೆಯ ಫೋಟೋಗಳಿರುವ ಒಂದು ಪುಸ್ತಕ ಕೈಗೆ ಸಿಕ್ಕಿತ್ತು. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಕಂಪನಿ ಸರ್ಕಾರದ ಸೈನ್ಯದ ಅಧಿಕಾರಿ 1856ರಲ್ಲಿ ತೆಗೆದವು. ಆಗ ಹಂಪಿಯೂ ಆದವಾನಿಯೂ ಒಂದೇ ಬಳ್ಳಾರಿ ಜಿಲ್ಲೆ. ಫಿಲ್ಮು ಇನ್ನೂ ಹುಟ್ಟಿರಲಿಲ್ಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದವೇ ಅವರ ನೆಗೆಟಿವ್. ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಬಲು ದಪ್ಪ ರೊಟ್ಟಿ ಅನ್ನಿ. ಕಲ್ಲಿನ ರಥ, ಗೋಪುರ ಅಲುಗದೆ ನಿಂತದ್ದಕ್ಕೆ ಅಚ್ಚುಕಟ್ಟಾಗಿ ಮೂಡಿವೆ. ಅಂಥ ಕಾಗದದ ಮುಂದೆ ಬಂಡಿ ಹೊಡೆದುಕೊಂಡು ಹೋದವನು, ನೀರು ಹೊತ್ತು ದಾಟಿದವಳು ಗುರುತೇ ಇಲ್ಲದೆ ಅಳಿಸಿಹೋಗುತ್ತಾರೆ. ಮುಂದೆ 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಅನ್ನುವ ಆಸ್ಟ್ರೇಲಿಯಾದ ಫೋಟೋಗ್ರಾಫರು ಅವೇ ಜಾಗಗಳಲ್ಲಿ ನಿಂತು ತಿರುಗಿ ಫೋಟೋ ತೆಗೆದರು. ಎರಡನ್ನೂ ಪಕ್ಕಕ್ಕೆ ಇಟ್ಟು ನೋಡಿದರೆ ಕಲ್ಲು ಅಲ್ಲೇ ಇದೆ. ನಿಂತವರಿಗೆ ಫೋಟೋ ಸಿಗುತ್ತದೆ, ದುಡಿಯುತ್ತ ಓಡಾಡುವವರಿಗೆ ಸಿಗೋದಿಲ್ಲ ಅಂತ ನನಗೆ ಆಗ ಅನ್ನಿಸಿತು.

ದಸರೆಯ ರಾತ್ರಿ ದೇವರಗುಡ್ಡದಲ್ಲಿ ಮಾಳ ಮಲ್ಲೇಶ್ವರನ ಬನ್ನಿ ನೋಡಿದವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಕತ್ತಲು, ಸಾವಿರಾರು ಜನ, ಕೈಯಲ್ಲಿ ಕೋಲು, ಪಂಜು. ಫ್ಲಾಷ್ ಹಾಕಿದರೆ ಮುಂದಿನ ನಾಲ್ಕು ಜನ ಬೆಳ್ಳಗೆ ಸುಟ್ಟು ಹಿಂದೆ ಎಲ್ಲ ಕತ್ತಲು. ಫ್ಲಾಷ್ ಬಿಟ್ಟು ಶಟರ್ ಅರ್ಧ ಸೆಕೆಂಡು ತೆರೆದರೆ ಪಂಜು ಬೆಂಕಿಯ ಗೆರೆಯಾಗಿ ಎಳೆದುಕೊಳ್ಳುತ್ತದೆ, ಮನುಷ್ಯರು ಹೊಗೆಯಾಗುತ್ತಾರೆ. ನಾನು 400ರ ಫಿಲ್ಮು ಹಾಕಿ, ಕಿಂಡಿ ಪೂರಾ ತೆರೆದು, 1/30ರಲ್ಲಿ ಪಂಜಿನ ಪಕ್ಕದ ಮುಖಗಳನ್ನಷ್ಟೇ ಹಿಡಿಯಲು ನೋಡಿದೆ. ಒಂದು ರೋಲಿಗೆ ಎರಡು ಸರಿ ಬಂದವು. ಬೆಳಕು ಎಷ್ಟಿದೆಯೋ ಅಷ್ಟರಲ್ಲಿ ಯಾರನ್ನು ಕಾಣಿಸಬೇಕು ಅಂತ ನೀನೇ ತೀರ್ಮಾನ ಮಾಡಬೇಕು. ಎಲ್ಲರನ್ನೂ ಕಾಣಿಸುತ್ತೇನೆ ಅಂದರೆ ಆಗೋದಿಲ್ಲ.

ಆಮೇಲೆ ಕಲರ್ ಬಂತು. ಫಿಲ್ಮನ್ನು ಲ್ಯಾಬಿಗೆ ಕಳಿಸೋದು, ಅವರು ಮಷೀನಿನಲ್ಲಿ ಪ್ರಿಂಟ್ ಹಾಕೋದು. ನಮ್ಮ ಜನರ ಮುಖ ಒಂದೋ ಮಸಿ, ಇಲ್ಲಾ ಇಟ್ಟಿಗೆ ಬಣ್ಣ. ಬಹಳ ವರ್ಷ ಆದ ಮೇಲೆ ಕಾರಣ ಓದಿದೆ. ಕೊಡಕ್ ಕಂಪನಿಯವರು ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಕಾರ್ಡು ಕಳಿಸುತ್ತಿದ್ದರಂತೆ. ಅದರ ಮೇಲೆ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ‘ಶರ್ಲಿ ಕಾರ್ಡು’ ಅಂತಲೇ ಅದಕ್ಕೆ ಹೆಸರು. ಆಕೆಯ ಮುಖ ಸರಿ ಬಂದರೆ ಮಷೀನು ಸರಿ ಇದೆ ಅಂತ ಲೆಕ್ಕ. ಕರಿ ನೆಲದ ಹೊಲದಲ್ಲಿ ದುಡಿದ ಮುಖ ಆ ಲೆಕ್ಕದಲ್ಲೇ ಇರಲಿಲ್ಲ. ನನಗೆ ನಮ್ಮ ಕುರ್ಚಿ ಸಾಲಿನ ಬಿಳಿ ಅಂಗಿಗಳು ನೆನಪಾದವು.

ಮೇಡಂಗೆ ಇದೆಲ್ಲ ಹೇಳಿ, ಅವರ ಫೋನು ಇಸಕೊಂಡು ತೋರಿಸಿದೆ. ಫೋನಿನ ಒಳಗೂ ಆ ಹಳೆಯ ಮೀಟರೇ ಇದೆ, ತುಸು ಜಾಣ ಆಗಿದೆ ಅಷ್ಟೆ. ಆಕಾಶ ಬಹಳ ಕಂಡರೆ ‘ಬೆಳಕು ಹೆಚ್ಚಾಯ್ತು’ ಅಂತ ಎಲ್ಲವನ್ನೂ ಇಳಿಸುತ್ತದೆ. ಪರದೆಯ ಮೇಲೆ ಮಗುವಿನ ಮುಖದ ಮೇಲೆ ಬೆರಳಿನಿಂದ ಒಮ್ಮೆ ಮುಟ್ಟಿದರೆ ಅದು ಆ ಮುಖಕ್ಕೆ ಅಳತೆ ಹಿಡಿಯುತ್ತದೆ. ಬಹಳ ಫೋನುಗಳಲ್ಲಿ ಪಕ್ಕದಲ್ಲೇ ಸಣ್ಣ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಸರಿಸಿದರೆ ಬೆಳಕು ಹೆಚ್ಚು ಕಡಿಮೆ ಆಗುತ್ತದೆ. ಸಾಲಿನಲ್ಲಿ ಎಲ್ಲರಿಗಿಂತ ಕತ್ತಲಲ್ಲಿ ನಿಂತ ಮಗು ಯಾವುದು ನೋಡಿ ಅದರ ಮುಖ ಮುಟ್ಟಿರಿ ಅಂದೆ. ಆದರೆ ಹತ್ತಿಯ ಪಕ್ಕದ ಕೋಣವನ್ನೂ ಮರೆಯಬೇಡಿರಿ. ಕಪ್ಪು ಮುಖ ಮುಟ್ಟಿದರೆ ಅದನ್ನು ಬೂದಿ ಬಣ್ಣಕ್ಕೆ ಏರಿಸಲು ಫೋನು ನೋಡುತ್ತದೆ, ಆಗ ಸೂರ್ಯನನ್ನು ಒಂದು ಕೂದಲು ಕೆಳಗೆ ಇಳಿಸಬೇಕು. ಮುಖ ಕಾಣಬೇಕು, ಬೆಳ್ಳಗಾಗಬೇಕಾಗಿಲ್ಲ. ಮುಖ ಬೆಳ್ಳಗೆ ಮಾಡುವ ಬ್ಯೂಟಿ ಗೀಟಿ ಎಲ್ಲ ಬಂದ್ ಮಾಡಿಬಿಡಿರಿ.

ಇನ್ನೊಂದು ಮಾತು. ಫಿಲ್ಮಿನ ಲೆಕ್ಕಕ್ಕೂ ಫೋನಿನ ಲೆಕ್ಕಕ್ಕೂ ಒಂದು ಫರಕು ಉಂಟು. ಫಿಲ್ಮಿನಲ್ಲಿ ಕತ್ತಲಾದದ್ದು ತಿರುಗಿ ಬರೋದಿಲ್ಲ. ಫೋನಿನಲ್ಲಿ ಬೆಳ್ಳಗೆ ಸುಟ್ಟುಹೋದದ್ದು ತಿರುಗಿ ಬರೋದಿಲ್ಲ, ಕತ್ತಲನ್ನು ಸ್ವಲ್ಪ ಮಟ್ಟಿಗೆ ಎಳೆದು ತರಬಹುದು. ಅದಕ್ಕೆ ಅರ್ಧ ಬಿಸಿಲು ಅರ್ಧ ನೆರಳಲ್ಲಿ ನಿಲ್ಲಿಸಿದರೆ ಫೋನು ಎಷ್ಟೇ ಜಾಣ ಇದ್ದರೂ ತಿಣುಕುತ್ತದೆ. ಎಲ್ಲರನ್ನೂ ಒಂದೇ ಬೆಳಕಿಗೆ ತರೋದೇ ಒಳ್ಳೆ ಉಪಾಯ. ಅದಕ್ಕೆ ಕ್ಯಾಮೆರಾ ವಿದ್ಯೆ ಏನೂ ಬೇಡ.

“ಹಂಗಾರೆ ಮಾರ್ಚಿಗೆ ಗ್ರೂಪ್ ಫೋಟೋ ನೀವೇ ಬಂದು ಹೊಂದಿಸಿಕೊಡ್ರಿ” ಅಂದರು ಮೇಡಂ. ಒಪ್ಪಿಕೊಂಡೆ.

ಮಾರ್ಚಿಯಲ್ಲಿ ಹೋದೆ. ಅಂಗಳದಲ್ಲಿ ಬೇವಿನ ಮರ. ಕಾಲ ಬದಲಾದರೂ ಕುರ್ಚಿ ಬದಲಾಗಿಲ್ಲ. ಊರಿನ ದೊಡ್ಡವರು ಬರಬೇಕು ಅಂತ ಕಾಯಿಸಿದರು. ಅವರು ಬಂದು ಬಿಳಿ ಬಟ್ಟೆಯಲ್ಲಿ ನಡುವೆ ಕೂರುವ ಹೊತ್ತಿಗೆ ನೆರಳು ಹಿಂದಕ್ಕೆ ಸರಿದಿತ್ತು. ಮೂವತ್ತೈದು ವರ್ಷ ಕಳೆದ ಮೇಲೂ ಅದೇ ಬಿಸಿಲು, ಅದೇ ನೆರಳು. ನನ್ನ ಎದೆಯಲ್ಲಿ ಆಗಿನದೇ ಅಳುಕು ಒಂದು ಗಳಿಗೆ ಬಂತು. ಬೆಂಚಿನ ಮೇಲೆ ತುದಿಗಾಲಲ್ಲಿ ನಿಂತ ಒಬ್ಬ ಹುಡುಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದಳು.

ಮುಂದೆ ಹೋಗಿ ಕೈಮುಗಿದು ಹೇಳಿದೆ:

“ತಪ್ಪು ತಿಳ್ಕೋಬ್ಯಾಡ್ರಿ ಸಾರ್. ಎಲ್ಲಾರೂ ಒಂದೀಟು ಏಳ್ರಿ. ಕುರ್ಚಿ ನಾಲ್ಕು ಹೆಜ್ಜೆ ಹಿಂದಕ್ಕ ಹಾಕಬೇಕು. ಹುಡುಗರ ಮುಖ ಕಾಣವಲ್ದು.”

ಅವರು ಒಮ್ಮೆ ಹಿಂದಕ್ಕೆ ತಿರುಗಿ ಮಕ್ಕಳನ್ನು ನೋಡಿದರು. “ಹೌದಲ್ಲ” ಅಂದರು. ಎದ್ದು ತಮ್ಮ ಕುರ್ಚಿ ತಾವೇ ಎತ್ತಿಕೊಂಡು ನೆರಳಿಗೆ ಬಂದರು. ಇಷ್ಟು ಸಲೀಸು ಕೆಲಸ ಇದು ಅಂತ 1989ರಲ್ಲೇ ಗೊತ್ತಿದ್ದಿದ್ದರೆ!

ಮೇಡಂ ಹಿಂದಿನ ಸಾಲಿನ ಆ ಹುಡುಗಿಯ ಮುಖ ಮುಟ್ಟಿ, ಫೋಟೋ ತೆಗೆದರು.